ಮೊಂಡು ಕತ್ತರಿ

ಎಂಟು ಗಂಟೆಗೆ ಇನ್ನು ನಾಲ್ಕು ನಿಮಿಷ ಇತ್ತು. ರಂಪೈ ಗಡಿಯಾರವನ್ನು ಮತ್ತೊಮ್ಮೆ ನೋಡಿಕೊಂಡಳು. ಎಂಟಕ್ಕೆ ಸರಿಯಾಗಿ ಧ್ವನಿವರ್ಧಕಗಳಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಕಾಲಸಿನ್ ಜಿಲ್ಲೆಯ ತಮ್ಮ ಶಾಲೆಯ ಅಂಗಳವಾದರೂ ಅಷ್ಟೇ, ಬ್ಯಾಂಕಾಕಿನ ಅರಮನೆಯೆದುರಿನ ಈ ಮೈದಾನವಾದರೂ ಅಷ್ಟೇ. ನಡೆಯುವವರು ನಿಲ್ಲುತ್ತಾರೆ, ಕೂತವರು ಏಳುತ್ತಾರೆ, ಟೋಪಿ ಹಾಕಿಕೊಂಡವರು ಟೋಪಿ ತೆಗೆಯುತ್ತಾರೆ. ಹುಣಸೆಮರಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತ ಮೂವತ್ತೆಂಟು ಮಕ್ಕಳ ತಲೆಯ ಮೇಲೂ ಹಳದಿ ಟೋಪಿ ಇತ್ತು. ಜನಜಂಗುಳಿಯಲ್ಲಿ ಯಾರೂ ಕಳೆದುಹೋಗಬಾರದೆಂದು ಶಾಲೆಯೇ ಹಂಚಿದ್ದು. ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ಬಂದು, ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಮುಖ ತೊಳೆದು, ಈಗ ಅಂಟು ಅನ್ನವನ್ನು ಉಂಡೆ ಮಾಡಿ ಸುಟ್ಟ ಹಂದಿಮಾಂಸದ ಕಡ್ಡಿಯ ಜೊತೆ ತಿನ್ನುತ್ತಿದ್ದರು. ಸಾಲಿನ ಕೊನೆಯಲ್ಲಿ ಫಾಯ್ ಕೂತಿದ್ದಳು. ಅವಳ ಟೋಪಿ ಎಡಕ್ಕೆ ಸ್ವಲ್ಪ ಹೆಚ್ಚೇ ಇಳಿದಿತ್ತು. ಹಾಗೆ ಯಾಕೆ ಇಳಿದಿದೆ ಎನ್ನುವುದು ರಂಪೈಗೆ ಗೊತ್ತಿದ್ದಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

"ಟೀಚರ್, ಫಾಯ್ ಅಮ್ಮ ಬರ್ತಿದಾರೆ ಗೊತ್ತಾ?" ನಮ್‌ವಾನ್ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದಳು. ಇಡೀ ತರಗತಿಗೆ ಸುದ್ದಿ ಹಂಚುವ ಹುಡುಗಿ ಅವಳು.

"ಎಲ್ಲಿಗೆ?"

"ಇಲ್ಲಿಗೇ. ಎರಡು ಗಂಟೆಗೆ, ಥಾ ಚಾಂಗ್ ದೋಣಿಕಟ್ಟೆಗೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಕೇಳ್ಕೊಂಡಿದಾರೆ. ಸಾರ್ ಹೂಂ ಅಂದ್ರಂತೆ. ಅರ್ಧ ಗಂಟೆ ಅಷ್ಟೇ ಅಂತೆ, ಪಾಪ."

"ನಿಂಗ್ಯಾಕೆ ಊರ ಉಸಾಬರಿ? ತಿನ್ನು ಸುಮ್ನೆ."

ಹಾಗೆಂದಳೇ ಹೊರತು ರಂಪೈಯ ಕೈಯಲ್ಲಿದ್ದ ಅನ್ನದ ಉಂಡೆ ಬಾಯಿಗೆ ಹೋಗಲಿಲ್ಲ. ಎರಡು ಗಂಟೆಗೆ ಒಬ್ಬ ತಾಯಿ ಬಂದು ಮಗಳ ಟೋಪಿ ತೆಗೆಯುತ್ತಾಳೆ. ತೆಗೆದರೆ ಏನು ಕಾಣುತ್ತದೆ? ಬಲಗಡೆ ಕೂದಲು ಕಿವಿಯ ಹಾಲೆಗಿಂತ ಎರಡು ಬೆರಳು ಕೆಳಗೆ ಇಳಿದಿದೆ. ಎಡಗಡೆ ಕಿವಿಯ ನಡುಮಟ್ಟಕ್ಕೇ ಮೊಟಕಾಗಿದೆ. ಇಂಥದ್ದನ್ನು ರಂಪೈ ಹನ್ನೊಂದು ವರ್ಷಗಳಿಂದ ಮಾಡುತ್ತಲೇ ಬಂದಿದ್ದಳು. ಕೂದಲು ಕಿವಿಯ ಹಾಲೆ ದಾಟಬಾರದು, ದಾಟಿದರೆ ಒಂದು ಪಕ್ಕ ಕತ್ತರಿಸಿ ಕಳಿಸುವುದು, ಸಂಜೆಯೊಳಗೆ ಮಗು ತಾನೇ ಅಂಗಡಿಗೆ ಹೋಗಿ ಇನ್ನೊಂದು ಪಕ್ಕ ಸಮ ಮಾಡಿಸಿಕೊಂಡು ಬರುವುದು. ಮೇಲಿನಿಂದ ನಿಯಮ ಸಡಿಲವಾಗಿದೆ ಎಂದು ಹೇಳುತ್ತಿದ್ದರು, ಸಡಿಲವಾದದ್ದು ಅವರ ಶಾಲೆಯವರೆಗೆ ಬಂದಿರಲಿಲ್ಲ. ಎಲ್ಲರೂ ಸಮ ಮಾಡಿಸಿಕೊಂಡು ಬರುತ್ತಿದ್ದರು. ಫಾಯ್ ಒಬ್ಬಳೇ ಮಾಡಿಸಿಕೊಂಡಿರಲಿಲ್ಲ. ಶುಕ್ರವಾರ ಕತ್ತರಿಸಿದ್ದು, ಶನಿವಾರ, ಭಾನುವಾರ ಎರಡು ದಿನ ಇತ್ತು, ಇವತ್ತು ಸೋಮವಾರ.

ರಾಷ್ಟ್ರಗೀತೆ ಶುರುವಾಯಿತು. ಮಕ್ಕಳು ದಡಬಡ ಎದ್ದರು. ಕಸ ಗುಡಿಸುತ್ತಿದ್ದವನು ಪೊರಕೆ ಹಿಡಿದುಕೊಂಡೇ ನಿಂತ. ರಸ್ತೆಯಾಚೆ ಹೂವಿನ ಮಾಲೆ ಮಾರುವ ಹೆಂಗಸು ತನ್ನ ಸ್ಟೂಲಿನಿಂದ ಎದ್ದಳು. ಹಳದಿ ಟೋಪಿಗಳು ಒಂದೊಂದಾಗಿ ಎದೆಗೆ ಬಂದವು, ಒಂದನ್ನು ಬಿಟ್ಟು. ರಂಪೈ ಅಲುಗುವಂತಿರಲಿಲ್ಲ, ಗೀತೆ ಮುಗಿಯುವ ತನಕ ಯಾರೂ ಅಲುಗುವಂತಿಲ್ಲ. ಸಾಲಿನ ಆ ತುದಿಯಿಂದ ಹೆಡ್‌ಮಾಸ್ಟರ್ ವಿಚಿಯನ್ ಅವರ ಕಣ್ಣು ಆ ಒಂದು ಟೋಪಿಯ ಮೇಲೆ ನೆಟ್ಟು, ಅಲ್ಲಿಂದ ನಿಧಾನವಾಗಿ ರಂಪೈಯ ಕಡೆ ತಿರುಗಿದ್ದು ಅವಳಿಗೆ ಕಂಡಿತು. ಶುಕ್ರವಾರ ಇದೇ ಎಂಟು ಗಂಟೆಗೆ ಧ್ವಜಕಂಬದ ಹತ್ತಿರ ನಿಂತು ಇದೇ ಕಣ್ಣಲ್ಲಿ ಅವರು ಫಾಯ್‌ಳನ್ನು ತೋರಿಸಿದ್ದರು. "ರಂಪೈ, ಇದು ನಿಮ್ಮ ಕಣ್ಣಿಗೆ ಬೀಳಲ್ವಾ?" ಹಿಂದಿನ ದಿನವಷ್ಟೇ ಹಾಜರಿ ಪುಸ್ತಕದ ವಿಷಯಕ್ಕೆ ಎಲ್ಲ ಶಿಕ್ಷಕರ ಮುಂದೆ ಅವಳನ್ನು ನಿಲ್ಲಿಸಿ ಉಗಿದಿದ್ದರು, ಮೂರು ದಿನ ಒಂದು ಸಹಿ ಹಾಕಿರಲಿಲ್ಲ, ಅಷ್ಟೇ. ರಾತ್ರಿಯೆಲ್ಲ ಆ ಮಾತು ಹೊಟ್ಟೆಯಲ್ಲಿ ಉರಿಯುತ್ತಿತ್ತು. ಬೆಳಿಗ್ಗೆ ಕತ್ತರಿ ಹಿಡಿದು ಸಾಲಿನ ಮುಂದೆ ಬಂದಾಗಲೂ ಅದು ಆರಿರಲಿಲ್ಲ. ಫಾಯ್ ಬಾಯಿ ತೆರೆದಿದ್ದಳು. "ಟೀಚರ್, ಸೋಮವಾರ..." ಎಂದಿದ್ದಳು. ಸೋಮವಾರ ಏನು ಎನ್ನುವುದನ್ನು ರಂಪೈ ಕೇಳಲಿಲ್ಲ. ಎಡಗೈಯಲ್ಲಿ ಕೂದಲನ್ನು ಹಿಡಿದು ಎಳೆದು ಕತ್ತರಿ ಹಾಕಿದಳು. ಆ ಕತ್ತರಿ ಕಾಗದ ಕತ್ತರಿಸುವಂಥದ್ದು. ಒಂದೇ ಸಲಕ್ಕೆ ಆಗಲಿಲ್ಲ, ಎರಡು ಮೂರು ಸಲ ಅಗಿಯಬೇಕಾಯಿತು. ಆಗ, ಕೂದಲು ಹುಡುಗಿಯ ಬಿಳಿ ಕಾಲರಿನ ಮೇಲೆ ಬೀಳುತ್ತಿದ್ದಾಗ, ರಂಪೈಗೆ ಹಿತವೆನಿಸಿತ್ತು. ಹೊಟ್ಟೆಯ ಉರಿ ಆರಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ಹನ್ನೊಂದು ವರ್ಷ ಕತ್ತರಿಸಿದ್ದು ನಿಯಮಕ್ಕೆ, ಆ ದಿನ ಕತ್ತರಿಸಿದ್ದು ಹಿತಕ್ಕೆ.

ಶಿಕ್ಷೆಯಾದ ಮೇಲೆ ಮಕ್ಕಳು ಕೈ ಜೋಡಿಸಿ ಟೀಚರಿಗೆ ಧನ್ಯವಾದ ಹೇಳಬೇಕು, ಅದು ರೂಢಿ. ಫಾಯ್ ಹೇಳಿದಳು. ಆಮೇಲೆ ಬಗ್ಗಿ, ನೆಲದ ಮೇಲೆ ಬಿದ್ದ ಕೂದಲನ್ನು ಹೆಕ್ಕಿ ಲಂಗದ ಜೇಬಿಗೆ ಹಾಕಿಕೊಂಡಳು. ಅಳಲಿಲ್ಲ.

ಗೀತೆ ಮುಗಿಯಿತು. ಊರೆಲ್ಲ ಮತ್ತೆ ಚಲಿಸಿತು. ವಿಚಿಯನ್ ಹತ್ತಿರ ಬಂದರು.

"ಶಿಸ್ತಿನ ಟೀಚರ್ ನೀವೇ ತಾನೆ?"

"ಹೌದು ಸಾರ್."

"ಒಬ್ಬಳು ಟೋಪಿ ತೆಗೀಲಿಲ್ಲ. ಇದು ನಮ್ಮ ಊರಲ್ಲ ರಂಪೈ, ಬ್ಯಾಂಕಾಕು. ಹಳ್ಳಿಯಿಂದ ಬಂದೋರಿಗೆ ರೀತಿ ರಿವಾಜು ಗೊತ್ತಿಲ್ಲ ಅಂತ ಮೊದಲೇ ಆಡ್ಕೊಳ್ತಾರೆ ಇಲ್ಲಿ."

"ತಲೆನೋವಂತೆ ಸಾರ್. ಬಸ್ಸಿನ ಗಾಳಿ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ವಿಚಿಯನ್ ಮುಖ ಸಿಂಡರಿಸಿ, "ಮಾತ್ರೆ ಕೊಡಿ ಮತ್ತೆ," ಎಂದು ಹೋದರು. ಅವರಿಗೆ ಶುಕ್ರವಾರ ತಾವು ತೋರಿಸಿದ ಹುಡುಗಿ ಇವಳೇ ಎನ್ನುವುದು ನೆನಪಿದ್ದಂತಿರಲಿಲ್ಲ. ಕತ್ತರಿಸಿದವಳಿಗೆ ಮಾತ್ರ ನೆನಪು.

ಅರಮನೆಯ ಬಾಗಿಲಲ್ಲಿ ಸಾಲು ನಿಂತಿತು. ಚೀನಾದವರು, ಬಿಳಿಯರು, ಚಡ್ಡಿ ಮರೆಸಲು ಬಾಡಿಗೆ ಲುಂಗಿ ಸುತ್ತಿಕೊಂಡ ಗಂಡಸರು, ಇವರ ನಡುವೆ ಹಳದಿ ಟೋಪಿಗಳು. ಬಿಸಿಲು ಈಗಲೇ ಬೆನ್ನು ಸುಡುತ್ತಿತ್ತು. ರಂಪೈ ಎಣಿಸುತ್ತ ಒಳಗೆ ಬಿಡುತ್ತಿದ್ದಳು. ಎಣಿಸುವಾಗ ಪ್ರತಿಸಲವೂ ಫಾಯ್‌ಳ ಹತ್ತಿರ ಬಂದಾಗ ಅಂಕಿ ನಾಲಿಗೆಯಲ್ಲಿ ಒಂದು ಕ್ಷಣ ತಡೆಯುತ್ತಿತ್ತು. ಹುಡುಗಿ ಅವಳನ್ನು ದುರುಗುಟ್ಟಿ ನೋಡಿದ್ದರೆ ವಾಸಿಯಿತ್ತು. ಅವಳು ನೋಡುತ್ತಲೇ ಇರಲಿಲ್ಲ. ಕಾವಲಿನವನು ರಂಪೈಯ ಚೀಲವನ್ನು ಯಂತ್ರದೊಳಗೆ ತಳ್ಳಿ, ಪರದೆ ನೋಡಿ, ಕೈ ಎತ್ತಿದ.

"ಚೀಲದಲ್ಲಿ ಕತ್ತರಿ ಇದೆ ಅಕ್ಕ."

ಇದೆ ಎನ್ನುವುದು ರಂಪೈಗೆ ಗೊತ್ತಿತ್ತು. ಭಾನುವಾರ ಸಂಜೆ ಚೀಲ ತುಂಬುವಾಗ ಮಾತ್ರೆ ಡಬ್ಬಿಯ ಕೆಳಗೆ ಅದು ಕಂಡಿತ್ತು. ತೆಗೆದಿಡಬಹುದಿತ್ತು. ಕೈ ಅಲ್ಲಿಯವರೆಗೆ ಹೋಗಿ ಹಿಂದೆ ಬಂದಿತ್ತು. ಹನ್ನೊಂದು ವರ್ಷ ಅದು ಚೀಲದಲ್ಲೇ ಇದ್ದದ್ದು. ಅದಿಲ್ಲದೆ ಮೂವತ್ತೆಂಟು ಮಕ್ಕಳ ಮುಂದೆ ನಿಲ್ಲುವುದು ಹೇಗೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

"ಶಾಲೆದು," ಎಂದಳು.

"ಅರಮನೆ ನೋಡೋಕೆ ಕತ್ತರಿ ಯಾಕಕ್ಕ? ಒಳಗೆ ಬಿಡಲ್ಲ."

"ಕೂದಲು ಕತ್ತರಿಸೋಕಣ್ಣ!" ಹಿಂದಿನಿಂದ ನಮ್‌ವಾನ್ ಕೂಗಿದಳು. "ಟೀಚರ್ ಕೈಗೆ ಸಿಕ್ರೆ ನಿಮ್ಮದೂ ಹೋಗುತ್ತೆ!"

ಮಕ್ಕಳು ಗೊಳ್ಳೆಂದು ನಕ್ಕರು. ಕಾವಲಿನವನೂ ನಕ್ಕು, ಟೋಪಿ ಎತ್ತಿ, ತನ್ನ ನುಣ್ಣಗೆ ಕತ್ತರಿಸಿದ ತಲೆಯನ್ನು ಬಗ್ಗಿಸಿ ತೋರಿಸಿದ. "ನೋಡ್ಬಿಡಿ ಅಕ್ಕ, ಉದ್ದ ಆಗಿದ್ರೆ ಈಗಲೇ ಹೇಳ್ಬಿಡಿ." ಎಲ್ಲರೂ ಮತ್ತೆ ನಕ್ಕರು. ರಂಪೈಯೂ ನಗಲು ನೋಡಿದಳು, ಕೆನ್ನೆ ಮಾತ್ರ ಬಿಗಿದುಕೊಂಡಿತು. ಸಾಲಿನಲ್ಲಿ ಒಬ್ಬಳು ನಗದೆ ತನ್ನ ಬೂಟಿನ ತುದಿ ನೋಡುತ್ತಿದ್ದಳು. ರಂಪೈಯ ಮುಖ ಕಪ್ಪಿಟ್ಟದ್ದು ಕಂಡು ಕಾವಲಿನವನು ಮೆತ್ತಗಾದ. "ಪರವಾಗಿಲ್ಲ ಬಿಡಿ ಅಕ್ಕ. ಹೋಗ್ವಾಗ ತಗೊಂಡ್ಹೋಗಿ," ಎಂದು ಹದಿನೇಳನೇ ನಂಬರಿನ ಬಿಲ್ಲೆ ಕೊಟ್ಟ.

ಪರವಾಗಿಲ್ಲ ಬಿಡಿ. ಈ ದೇಶದಲ್ಲಿ ಎಲ್ಲದಕ್ಕೂ ಅದೊಂದು ಮಾತಿದೆ. ಕಾಲು ತುಳಿದರೂ ಅದೇ, ಬಸ್ಸು ತಪ್ಪಿದರೂ ಅದೇ, ಗಂಡ ಬಿಟ್ಟುಹೋದರೂ ನೆರೆಯವರು ಬಂದು ಹೇಳುವುದು ಅದೇ. ಶುಕ್ರವಾರದಿಂದ ರಂಪೈ ಕಾಯುತ್ತಿದ್ದದ್ದೂ ಅದಕ್ಕೇ. ತಾನೇನೂ ಕೇಳದೆ, ತಾನಾಗಿ ಆ ಹುಡುಗಿ ಒಂದು ಸಲ, ನೀರು ಕುಡಿಯುವಾಗಲೋ ಬಸ್ಸು ಹತ್ತುವಾಗಲೋ, "ಪರವಾಗಿಲ್ಲ ಟೀಚರ್" ಎಂದುಬಿಟ್ಟರೆ ಸಾಕಿತ್ತು. ಯಾಕೆ ಎನ್ನಬಾರದು? ಉಳಿದವರೆಲ್ಲ ಅನ್ನುತ್ತಿರಲಿಲ್ಲವೇ? ತಾನು ಹನ್ನೆರಡು ವರ್ಷದವಳಿದ್ದಾಗ ತನ್ನ ಕೂದಲನ್ನೂ ಟೀಚರ್ ಹೀಗೇ ಕತ್ತರಿಸಿದ್ದರು. ಅಳುತ್ತ ಮನೆಗೆ ಹೋದರೆ ಅಮ್ಮ ಏನು ಮಾಡಿದಳು? ಹಿತ್ತಿಲಿನ ಬಾಳೆಗೊನೆಯಿಂದ ಒಂದು ಚಿಪ್ಪು ಕೊಯ್ದು, ಮಗಳನ್ನು ಎಳೆದುಕೊಂಡು ಟೀಚರ ಮನೆಗೆ ಹೋಗಿ, ನೆಲದ ಮೇಲೆ ಕೂತು, ನಮ್ಮ ಹುಡುಗಿಗೆ ಬುದ್ಧಿ ಕಲಿಸಿದಿರಿ ಎಂದು ಕೈ ಮುಗಿದಿದ್ದಳು. ಇಂದಿಗೂ ಬಾಳೆಹಣ್ಣಿನ ವಾಸನೆ ಬಂದರೆ ರಂಪೈಗೆ ಆ ಮನೆಯ ನೆಲದ ತಂಪು ನೆನಪಾಗುತ್ತದೆ. ಅವಳು ಟೀಚರ್ ಆದದ್ದಕ್ಕೆ ಅದೂ ಒಂದು ಕಾರಣವಿರಬಹುದು. ನೆಲದ ಮೇಲೆ ಕೂರುವವಳಾಗದೆ ಕುರ್ಚಿಯ ಮೇಲೆ ಕೂರುವವಳಾಗಬೇಕೆಂದು.

ಪಚ್ಚೆ ಬುದ್ಧನ ಗುಡಿಯ ಮೆಟ್ಟಿಲ ಬಳಿ ಎಲ್ಲರೂ ಬೂಟು ಬಿಚ್ಚಿದರು. ಬಾಗಿಲಲ್ಲಿ ನಿಂತವನು ಬಂದವರಿಗೆಲ್ಲ ಟೋಪಿ ತೆಗೆಯಿರೆಂದು ತಲೆ ಮುಟ್ಟಿ ತೋರಿಸುತ್ತಿದ್ದ. ಫಾಯ್ ರಂಪೈಯ ಮುಂದೆ ಬಂದು ನಿಂತಳು. ಮೂರು ದಿನಗಳಲ್ಲಿ ಮೊದಲ ಸಲ ತಾನಾಗಿ ಮಾತಾಡಿದಳು.

"ನಾನು ಬೂಟು ಕಾಯ್ಕೊಂಡು ಇಲ್ಲೇ ಕೂತಿರ್ತೀನಿ ಟೀಚರ್."

"ಇಷ್ಟು ದೂರ ಬಂದು ದೇವರಿಗೆ ಕೈ ಮುಗೀದೇ ಹೋಗ್ತೀಯಾ?"

"ಇಲ್ಲಿಂದಲೇ ಮುಗೀತೀನಿ."

ವಿಚಿಯನ್ ಮೆಟ್ಟಿಲ ಮೇಲಿನಿಂದ ತಿರುಗಿ ನೋಡುತ್ತಿದ್ದರು. "ಅವಳಿಗೆ ಇನ್ನೂ ಸುಸ್ತಂತೆ ಸಾರ್, ನಾನು ಜೊತೆಗಿರ್ತೀನಿ," ಎಂದು ರಂಪೈ ಕೂಗಿ ಹೇಳಿದಳು. ಇಬ್ಬರೂ ಗೋಡೆಯ ನೆರಳಲ್ಲಿ ಕೂತರು. ಎದುರಿಗೆ ಮೂವತ್ತೇಳು ಜೊತೆ ಬೂಟು, ಅದರಾಚೆ ಬಿಸಿಲಿಗೆ ಕಣ್ಣು ಕುಕ್ಕುವ ಚಿನ್ನದ ಬಣ್ಣದ ಗೋಪುರ. ಒಳಗಿಂದ ತಣ್ಣನೆಯ ಗಾಳಿ, ಊದಿನಕಡ್ಡಿಯ ವಾಸನೆ. ಈಗ ಹೇಳಿಬಿಡಬಹುದು ಎಂದುಕೊಂಡಳು ರಂಪೈ. ಯಾರೂ ಇಲ್ಲ. ಬಾಯಿಯಿಂದ ಬಂದದ್ದು ಬೇರೆಯೇ.

"ಅಂಗಡಿಗೆ ಹೋಗಿ ಸಮ ಮಾಡಿಸ್ಕೊಳ್ಳೋಕೇನಾಗಿತ್ತು ನಿಂಗೆ? ಎರಡು ದಿನ ಇತ್ತು."

"ಅಮ್ಮ ಮಾಡ್ತಾಳೆ."

"ಅಮ್ಮನಿಗೆ ಬರುತ್ತಾ?"

"ಅವಳ ಕೆಲಸಾನೇ ಅದು ಟೀಚರ್. ಹೊಳೆಯಾಚೆ ಮಾರ್ಕೆಟ್ಟಲ್ಲಿ ಕಟಿಂಗ್ ಅಂಗಡೀಲಿದಾಳೆ." ಫಾಯ್ ಮೊಣಕಾಲು ತಬ್ಬಿಕೊಂಡಳು. "ನನ್ನ ಕೂದಲು ಅವಳೇ ಕತ್ತರಿಸೋದು. ಶಾಲೆ ಶುರುವಾದಾಗ ಬಂದಿದ್ದಳಲ್ಲ, ಆಗ ಕತ್ತರಿಸಿದ್ದು. ಆಮೇಲೆ ರಜೆ ಸಿಕ್ಕಿಲ್ಲ ಅವಳಿಗೆ. ಸೋಮವಾರ ಸಿಗ್ತೀವಲ್ಲ, ಆಗ ಕತ್ತರಿಸ್ತೀನಿ ಅಂದಿದ್ದಳು. ಅದಕ್ಕೇ..."

ಸೋಮವಾರ. ಶುಕ್ರವಾರ ಅರ್ಧಕ್ಕೆ ನಿಂತ ಮಾತಿನ ಇನ್ನರ್ಧ ಇಲ್ಲಿ, ಗುಡಿಯ ಗೋಡೆಯ ಕೆಳಗೆ ಸಿಕ್ಕಿತು. ಕಿವಿಯ ಹಾಲೆಯಿಂದ ಎರಡು ಬೆರಳು ಕೆಳಗೆ: ಅದು ಅಶಿಸ್ತಲ್ಲ, ಅಹಂಕಾರವಲ್ಲ, ತಾಯಿ ಬಂದು ಹೋಗಿ ನಾಲ್ಕು ತಿಂಗಳಾಯಿತು ಎನ್ನುವುದಷ್ಟೇ. ಆ ನಾಲ್ಕು ತಿಂಗಳನ್ನು ರಂಪೈ ಎಡಗೈಯಲ್ಲಿ ಹಿಡಿದೆಳೆದಿದ್ದಳು. ಬೂಟುಗಳ ಕಡೆ ನೋಡುತ್ತ ಕೇಳಿದಳು.

"ಅಮ್ಮನಿಗೆ ಏನಂತ ಹೇಳ್ತೀಯ?"

"ಯೋಚನೆ ಮಾಡ್ತಿದೀನಿ ಟೀಚರ್," ಎಂದಳು ಫಾಯ್.

ಅದು ಬೆದರಿಕೆಯೋ, ನಿಜವಾಗಿಯೂ ಯೋಚನೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಮಕ್ಕಳು ಹೊರಗೆ ಬಂದು ಬೂಟಿಗಾಗಿ ಮುಗಿಬಿದ್ದರು. ಹದಿನೈದು ವರ್ಷದ ಹುಡುಗಿಯೊಬ್ಬಳು ಯೋಚನೆ ಮಾಡುತ್ತಿದ್ದಾಳೆ, ನಲವತ್ತೊಂದು ವರ್ಷದ ನಾನು ಅವಳ ಯೋಚನೆ ಎತ್ತ ಹೋಗುತ್ತದೋ ಎಂದು ಹೆದರಿ ಕೂತಿದ್ದೇನೆ, ಎನ್ನಿಸಿತು ರಂಪೈಗೆ. ಬ್ಯಾಂಕಾಕಿನವರು ಈಚೆಗೆ ಇಂಥದ್ದಕ್ಕೆಲ್ಲ ಫೋಟೋ ತೆಗೆದು ಫೋನಿನಲ್ಲಿ ಹರಿಬಿಡುತ್ತಾರೆ. ಯಾವುದೋ ಊರಿನ ಟೀಚರ ಮುಖ ಹಾಗೇ ಬಂದದ್ದನ್ನು ಅವಳೇ ನೋಡಿದ್ದಳು. ಆ ಟೀಚರ ಬಾಯಿ ಅರ್ಧ ತೆರೆದಿತ್ತು, ಕೈಯಲ್ಲಿ ಕತ್ತರಿ ಇತ್ತು. ನೋಡಿ, ಪಾಪ, ಎಂದುಕೊಂಡಿದ್ದಳು. ಮಗುವಿಗಲ್ಲ, ಟೀಚರಿಗೆ.

ಹೊರಬರುವಾಗ ಬಾಗಿಲಲ್ಲಿ ಬಿಲ್ಲೆಯನ್ನು ಕಿಸೆಯಲ್ಲೇ ಉಳಿಸಿಕೊಂಡು ಸುಮ್ಮನೆ ದಾಟಿಬಿಡೋಣವೆಂದು ಎರಡು ಹೆಜ್ಜೆ ಮುಂದೆ ಹೋದಳು. "ಹದಿನೇಳನೇ ನಂಬರ್ ಅಕ್ಕ!" ಎಂದು ಕಾವಲಿನವನು ಅವಳ ಹಿಂದೆಯೇ ಬಂದು ಕತ್ತರಿಯನ್ನು ಕೈಗಿಟ್ಟ. ಮಕ್ಕಳೆಲ್ಲ ನೋಡುತ್ತಿದ್ದರು. ಥ್ಯಾಂಕ್ಸ್ ಎಂದು ಚೀಲಕ್ಕೆ ಹಾಕಿಕೊಂಡಳು.

ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗಲೇ ದೋಣಿಕಟ್ಟೆಗೆ ಬಂದರು. ಹೊಳೆ ಮಣ್ಣಿನ ಬಣ್ಣಕ್ಕೆ ತುಂಬಿ ಹರಿಯುತ್ತಿತ್ತು. ಕಟ್ಟೆಯ ಕೆಳಗೆ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು; ಮಕ್ಕಳು ಬ್ರೆಡ್ಡಿನ ತುಂಡು ಎಸೆದು ಕಿರುಚುತ್ತಿದ್ದರು. ವಿಚಿಯನ್ ನೆರಳು ಹುಡುಕಿ ತಂಪು ಕಾಫಿ ಹಿಡಿದು ಕೂತರು. ಆಚೆ ದಡದಿಂದ ದೋಣಿ ಬಂತು, ಹೋಯಿತು. ಇನ್ನೊಂದು ಬಂತು. ಬರದಿದ್ದರೆ? ಅಂಗಡಿಯಲ್ಲಿ ಗಿರಾಕಿ ಜಾಸ್ತಿಯಾಗಿ, ಯಜಮಾನಿ ಬಿಡದೆ, ಬರದೇ ಹೋದರೆ? ಹಾಗಾಗಲಿ ಎಂದು ಬಯಸಿದ್ದು ಅರಿವಿಗೆ ಬಂದು ರಂಪೈಗೆ ತನ್ನ ಮೇಲೇ ಹೇಸಿಗೆಯಾಯಿತು. ಕಟ್ಟೆಯ ತುದಿಯಲ್ಲಿ ಫಾಯ್ ಹಿಮ್ಮಡಿ ಎತ್ತಿ ನಿಂತಿದ್ದಳು.

ಮೂರನೆಯ ದೋಣಿಯಿಂದ ಒಬ್ಬ ಗಿಡ್ಡ ಹೆಂಗಸು ಎಲ್ಲರಿಗಿಂತ ಮೊದಲು ಹಾರಿ ಇಳಿದಳು. ಮೈಮೇಲೆ ಅಂಗಡಿಯ ಕಪ್ಪು ಏಪ್ರನ್ ಹಾಗೇ ಇತ್ತು, ಅಂಚಿಗೆ ನಾಲ್ಕು ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು. ಮಗಳನ್ನು ಎಳೆದು ಕೆನ್ನೆಗೆ ಮೂಗೊತ್ತಿ ಉಸಿರೆಳೆದು ಮುದ್ದಿಸಿದಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ರಂಪೈಯನ್ನು ಕಂಡು ಬಗ್ಗಿ ಕೈ ಮುಗಿದಳು. ಅವಳ ಹೆಸರು ಚನ್‌ಪೆನ್.

"ಟೀಚರ್ ಅಲ್ವಾ? ಬಸ್ಸಲ್ಲಿ ಮಕ್ಕಳನ್ನ ಕಟ್ಕೊಂಡು ಬರೋದು ಸಣ್ಣ ಕೆಲಸ ಅಲ್ಲ. ಇದು ತಗೊಳ್ಳಿ, ಏನೂ ತರೋಕಾಗಿಲ್ಲ." ಒಂದು ಚೀಲ ಹಣ್ಣನ್ನು ಎರಡೂ ಕೈಯಿಂದ ಚಾಚಿದಳು. ಬಾಳೆಹಣ್ಣಲ್ಲ, ರಾಂಬುಟಾನು. ರಂಪೈಗೆ ಮಾತ್ರ ಮೂಗಿಗೆ ಅಡರಿದ್ದು ಆ ಹಳೆಯ ವಾಸನೆಯೇ. ತೆಗೆದುಕೊಂಡಳು, ತೆಗೆದುಕೊಳ್ಳದೆ ಇರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಿ, ನೋಡೋಣ, ಎಷ್ಟು ಬೆಳೆದಿದೆ," ಎಂದು ಚನ್‌ಪೆನ್ ಮಗಳ ಟೋಪಿ ತೆಗೆದಳು.

ಮೀನುಗಳ ಸದ್ದು ಕೇಳುತ್ತಿತ್ತು. ನಮ್‌ವಾನ್ ಹತ್ತಿರ ಬಂದು ಕತ್ತು ಚಾಚಿದಳು.

"ಏನಿದು? ಯಾರು ಮಾಡಿದ್ದು?"

"ನಾನೇ ಅಮ್ಮ," ಎಂದಳು ಫಾಯ್. "ಕನ್ನಡಿ ಮುಂದೆ ನಿಂತ್ಕೊಂಡು ಕತ್ತರಿಸ್ಕೊಂಡೆ. ಕೈ ತಪ್ತು."

ಯೋಚನೆ ಇಲ್ಲಿಗೆ ಬಂದು ಮುಟ್ಟಿತ್ತು. ಬಚಾವಾದೆ ಎನ್ನುವ ಸಮಾಧಾನ ರಂಪೈಗೆ ಮೊದಲು ಬಂತು, ಅದರ ಬೆನ್ನಿಗೇ ಅವಮಾನ. ಇಷ್ಟು ದೊಡ್ಡ ಅವಮಾನವನ್ನು ವಿಚಿಯನ್ ಕೂಡ ಅವಳಿಗೆ ಮಾಡಿರಲಿಲ್ಲ. ಚನ್‌ಪೆನ್ ಮಗಳ ಎಡಗಿವಿಯ ಮೇಲೆ ಮೊಟಕಾದ ಕೂದಲ ತುದಿಗಳನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು. ಕತ್ತರಿಸಿದ ಗೆರೆ ಮುಂದಿನಿಂದ ಹಿಂದಕ್ಕೆ ಓರೆಯಾಗಿ ಏರಿತ್ತು. ಅವಳ ಬೆರಳು ಆ ಓರೆಯ ಗುಂಟ ನಿಧಾನವಾಗಿ ಹೋಗಿ, ಕಿವಿಯ ಹಿಂದೆ, ಕನ್ನಡಿಯಲ್ಲಿ ಯಾರಿಗೂ ಕಾಣದ ಜಾಗದಲ್ಲಿ ನಿಂತಿತು. ಇದು ಎದುರಿಗೆ ನಿಂತ, ಮಗಳಿಗಿಂತ ಎತ್ತರದ ಯಾರೋ ಕತ್ತರಿಸಿದ್ದು. ಇಪ್ಪತ್ತು ವರ್ಷ ಕೂದಲು ಕತ್ತರಿಸಿದ ಬೆರಳಿಗೆ ಅದು ತಿಳಿಯಿತು ಎನ್ನುವುದು ರಂಪೈಗೂ ತಿಳಿಯಿತು. ಚನ್‌ಪೆನ್ ತಲೆ ಎತ್ತಿ ಟೀಚರ ಮುಖ ನೋಡಲಿಲ್ಲ.

"ಕನ್ನಡಿ ಮುಂದೆ ಕತ್ತರಿಸ್ಕೊಂಡ್ರೆ ಹೀಗೆ ಬರಲ್ಲ ಮಗಾ," ಎಂದಳಷ್ಟೇ. ಆಮೇಲೆ ಏಪ್ರನ್ನಿನ ಜೇಬು ತಡಕಿ ಬಾಚಣಿಗೆ ತೆಗೆದಳು. "ಅಯ್ಯೋ, ಕತ್ತರಿ ಅಂಗಡೀಲೇ ಬಿಟ್ಬಂದೆ. ಗಿರಾಕೀನ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದು. ಟೀಚರ್, ನಿಮ್ಮ ಹತ್ರ ಏನಾದ್ರೂ ಕತ್ತರಿ ಇದ್ಯಾ?"

"ಇಲ್ಲ," ಎಂದಳು ರಂಪೈ.

"ಇದೆಯಲ್ಲ ಟೀಚರ್!" ನಮ್‌ವಾನ್‌ಗೆ ತಡೆಯಲಾಗಲಿಲ್ಲ. "ಗೇಟಲ್ಲಿ ವಾಪಸ್ ಕೊಟ್ರಲ್ಲ. ಹದಿನೇಳನೇ ನಂಬರ್." ಹೇಳಿದ ಮೇಲೆ ಅವಳಿಗೂ ಏನೋ ಹೊಳೆದಂತಾಗಿ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಚೀಲದಲ್ಲಿ ಅದು ಬೇಗ ಸಿಗಲಿಲ್ಲ. ಮಾತ್ರೆ ಡಬ್ಬಿ, ಹಾಜರಿ ಪಟ್ಟಿ, ಹಣ್ಣಿನ ಚೀಲ, ಎಲ್ಲ ಅಡ್ಡ ಬಂದವು. ಕೊನೆಗೆ ಹೊರತೆಗೆದು ಕೊಟ್ಟಳು. ಕಪ್ಪು ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ‘ಶಿಸ್ತು ವಿಭಾಗ’ ಎಂದು ಬರೆದಿತ್ತು. ಶಾಲೆಯ ಸಾಮಾನು ಕಳೆಯಬಾರದೆಂದು ಅವಳೇ ಬರೆದದ್ದು. ಚನ್‌ಪೆನ್ ಅದನ್ನು ಓದಿದಳು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಮಗಳನ್ನು ಕಟ್ಟೆಯ ಬೆಂಚಿನ ಮೇಲೆ ಕೂರಿಸಿ, ಭುಜದ ಮೇಲೆ ಹಳೆಯ ಪೇಪರು ಹೊದಿಸಿ, ತಲೆಗೆ ಕೈ ಹಾಕುವ ಮುನ್ನ ತಾನೇ ಸ್ವಲ್ಪ ತಲೆ ಬಗ್ಗಿಸಿ ಮೆಲ್ಲಗೆ ಹೇಳಿದಳು:

"ತಪ್ಪು ತಿಳ್ಕೋಬೇಡಿ, ತಲೆ ಮುಟ್ತೀನಿ."

"ಅಮ್ಮ, ನಾನೇನು ಗಿರಾಕೀನಾ?" ಫಾಯ್ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ರಂಪೈ ಮೊದಲ ಸಲ ನೋಡಿದ್ದು.

"ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ ಕಣೆ. ಯಾರ ತಲೇನೂ ಕೇಳದೆ ಮುಟ್ಟಬಾರದು. ಅಲ್ಲಾಡ್ಬೇಡ."

ಅವಳು ಒಂದು ಸಲಕ್ಕೆ ನಾಲ್ಕೈದು ಎಳೆಯಷ್ಟೇ ಹಿಡಿದು ಕತ್ತರಿಸಿದಳು. ಕತ್ತರಿ ಎಳೆಯುತ್ತಿತ್ತು, ಪ್ರತಿ ಸಲವೂ ಅವಳ ತುಟಿ ಬಿಗಿಯುತ್ತಿತ್ತು, ಮಗಳದಲ್ಲ. ಬಲಗಡೆಯ ಎರಡು ಬೆರಳು ಕೂದಲು ಪೇಪರಿನ ಮೇಲೆ ಬಿತ್ತು. ಎಡಗಡೆಗೆ ಸಮವಾಗಲು ಇನ್ನೂ ಮೇಲೆ ಹೋಗಬೇಕಾಯಿತು. ರಂಪೈ ಕೈಯಲ್ಲಿ ಹಳದಿ ಟೋಪಿ ಹಿಡಿದುಕೊಂಡು ನಿಂತಿದ್ದಳು. ಯಾರೂ ಹಿಡಿದುಕೊಳ್ಳಲು ಹೇಳಿರಲಿಲ್ಲ. ಯಾರ ತಲೆಯನ್ನೂ ಕೇಳದೆ ಮುಟ್ಟಬಾರದು. ಇದನ್ನು ಯಾವ ಮಗುವಿಗೂ ಕಲಿಸಿಕೊಡಬೇಕಿಲ್ಲ, ಬೀದಿಯ ಕ್ಷೌರಿಕನಿಗೂ ಗೊತ್ತಿದೆ, ತನಗೂ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ತಲೆಗಳು?

ಆಚೆ ದಡದಿಂದ ದೋಣಿ ಬರುವುದು ಕಂಡು ಚನ್‌ಪೆನ್ ಮಗಳ ಕತ್ತು ಊದಿ, ಪೇಪರು ಮಡಚಿದಳು. ಕತ್ತರಿಯನ್ನು ಏಪ್ರನ್ನಿಗೆ ಒರೆಸಿ, ಹಿಡಿಯನ್ನು ಟೀಚರ ಕಡೆ ತಿರುಗಿಸಿ, ಎರಡೂ ಕೈಯಿಂದ ಕೊಟ್ಟಳು. ಈಗ ಮೊದಲ ಸಲ ನೇರ ನೋಡಿದಳು.

"ಮೊಂಡಾಗಿದೆ ಟೀಚರ್. ಮೊಂಡು ಕತ್ತರಿ ಕೂದಲು ಕತ್ತರಿಸಲ್ಲ, ಕೀಳುತ್ತೆ. ಮಕ್ಕಳಿಗೆ ನೋವಾಗುತ್ತೆ. ಮುಂದಿನ ಸಲಕ್ಕೆ ಸಾಣೆ ಹಿಡಿಸ್ಕೊಂಡ್ಬಿಡಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಉತ್ತರ ಕೊಡಬಹುದಿತ್ತು. ಮುಂದಿನ ಸಲ ಇದ್ದೇ ಇರುತ್ತದೆಂದು ಅವಳು ಒಪ್ಪಿಕೊಂಡಾಗಿತ್ತು. ನೋವು ಕಡಿಮೆಯಾಗಲಿ ಎನ್ನುವುದಷ್ಟೇ ಅವಳು ಕೇಳಿದ್ದು. ರಂಪೈ ಬಾಯಿ ತೆರೆದಳು, "ಅದು ನಾನೇ..." ಎಂದಳು. ಚನ್‌ಪೆನ್ ಆಗಲೇ ಮಗಳ ಕೆನ್ನೆಗೆ ಮತ್ತೊಮ್ಮೆ ಮೂಗೊತ್ತಿ, "ಅವಳ ಮೇಲೆ ಒಂದು ಕಣ್ಣಿಟ್ಟಿರಿ ಟೀಚರ್," ಎಂದು ಕೈ ಮುಗಿದು ದೋಣಿಗೆ ಹಾರಿದ್ದಳು. ನಡುಹೊಳೆಯವರೆಗೂ ಆ ಕಪ್ಪು ಏಪ್ರನ್ ಕಾಣುತ್ತಿತ್ತು.

"ಬನ್ನಿ, ಬನ್ನಿ, ಫೋಟೋ!" ವಿಚಿಯನ್ ಚಪ್ಪಾಳೆ ತಟ್ಟಿದರು. "ಹೊಳೆ ಹಿಂದೆ ಬರ್ಲಿ. ಎಲ್ಲರೂ ಟೋಪಿ ತೆಗೀರಿ. ರಂಪೈ, ಎಣಿಸಿ."

ಮೂವತ್ತೆಂಟು ತಲೆಗಳು ಬಿಸಿಲಿಗೆ ಬಂದವು. ರಂಪೈ ಒಂದು ತುದಿಯಿಂದ ಎಣಿಸುತ್ತ ಬಂದಳು. ಇಪ್ಪತ್ತೊಂಬತ್ತಕ್ಕೆ ಫಾಯ್ ನಿಂತಿದ್ದಳು. ಕೂದಲು ಎರಡೂ ಕಡೆ ಒಂದೇ ಸಮ, ಬಹಳ ಗಿಡ್ಡ. ಕಿವಿಗಳು ಪೂರ್ತಿ ಕಾಣುತ್ತಿದ್ದವು, ಚಿಕ್ಕ ಮಗುವಿನವು ಕಂಡಂತೆ. ಮೂವತ್ತು ಎನ್ನುವುದು ರಂಪೈಯ ಬಾಯಿಂದ ಬರಲಿಲ್ಲ.

"ಫಾಯ್."

"ಟೀಚರ್."

"ಶುಕ್ರವಾರ ನೀನು ಏನೋ ಹೇಳೋಕೆ ಹೊರಟಿದ್ದೆ. ನಾನು ಕೇಳ್ಬೇಕಿತ್ತು. ಕೇಳದೇ ತಲೆಗೆ ಕೈ ಹಾಕಿದೆ." ದನಿ ಗಟ್ಟಿಯಾಗಿಯೇ ಬಂತು, ತರಗತಿಯಲ್ಲಿ ಬರುವ ದನಿ, ಅವಳಿಗೆ ಬೇರೆ ದನಿ ಇರಲಿಲ್ಲ. "ನನ್ನ ತಪ್ಪು. ಕ್ಷಮಿಸು." ಹಣ್ಣಿನ ಚೀಲ ಮೊಣಕೈಯಲ್ಲಿ ತೂಗುತ್ತಿರುವಾಗಲೇ ಅವಳು ಎರಡೂ ಕೈ ಜೋಡಿಸಿದಳು.

ಟೀಚರ್ ಮೊದಲು ಕೈ ಮುಗಿಯುವುದನ್ನು ಆ ಮಕ್ಕಳು ಹುಟ್ಟಿದಂದಿನಿಂದ ನೋಡಿರಲಿಲ್ಲ. ಫಾಯ್‌ಳ ಕೈ ಅಭ್ಯಾಸಬಲದಿಂದ ಮೇಲೇಳಲು ಹೋಗಿ ಎದೆಯ ಹತ್ತಿರ ನಿಂತಿತು. ತುಟಿಗಳು ಕೂಡಿದವು. ಪರವಾಗಿಲ್ಲ ಟೀಚರ್, ಎಂದು ಈಗ ಹೇಳುತ್ತಾಳೆ, ಹೇಳಲೇಬೇಕು, ಹೇಳಿದರೆ ಮುಗಿಯಿತು, ಎಂದು ರಂಪೈ ಕಾದಳು.

"ನೋವಾಗಿತ್ತು ಟೀಚರ್," ಎಂದಳು ಫಾಯ್.

"ಹೂಂ," ಎಂದಳು ರಂಪೈ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಏನದು ಅಲ್ಲಿ?" ವಿಚಿಯನ್ ಫೋನು ಹಿಡಿದುಕೊಂಡು ಅವಳ ಕಡೆ ಬರುತ್ತಿದ್ದರು. "ಎಣಿಸೋದು ಬಿಟ್ಟು ಏನ್ ಮಾಡ್ತಿದೀರಿ? ಏನಾಯ್ತು?"

ಪರವಾಗಿಲ್ಲ ಬಿಡಿ ಸಾರ್, ಏನಿಲ್ಲ, ಎನ್ನುವುದು ನಾಲಿಗೆಯ ತುದಿಯವರೆಗೂ ಬಂದಿತ್ತು. ರಂಪೈ ಅದನ್ನು ನುಂಗಿಕೊಂಡಳು.

"ಹೇಳ್ತೀನಿ ಸಾರ್," ಎಂದಳು. "ಇವರೆಲ್ಲರ ಮುಂದೇನೇ ಹೇಳ್ತೀನಿ."